ಕುಕ್ಕರ್ ಕೂಗಿದಾಗ

ಕಳೆದ ವಾರ ನಮ್ಮ ಮನೆಯಲ್ಲಿ ಸಣ್ಣದೊಂದು ಜಗಳವಾಯಿತು. ಮೊಮ್ಮಗಳು ಸಿಇಟಿ ಬರೆದಿದ್ದಾಳೆ. ಯಾವ ಕಾಲೇಜು, ಯಾವ ವಿಭಾಗ ಎಂದು ಇಷ್ಟದ ಕ್ರಮದಲ್ಲಿ ತುಂಬುವ ಕೆಲಸ ನನ್ನ ಪಾಲಿಗೆ ಬಂತು. 35 ವರ್ಷ ಬ್ಯಾಂಕಿನಲ್ಲಿ ಲೆಡ್ಜರ್ ಬರೆದವನು, ತಪ್ಪು ಮಾಡುವುದಿಲ್ಲ ಎಂದು ಎಲ್ಲರ ನಂಬಿಕೆ. ನಾನೋ ಅವಳನ್ನು ಕೇಳದೆಯೇ ಮೇಲಿನ ಸಾಲುಗಳಿಗೆಲ್ಲ ಕಂಪ್ಯೂಟರ್ ಸೈನ್ಸ್ ತುಂಬಿಬಿಟ್ಟೆ. ಮೆಕ್ಯಾನಿಕಲ್ 17ನೆಯ ಸಾಲಿಗೆ ಹೋಯಿತು. ಮೇಲಿನದು ಸಿಕ್ಕಿಬಿಟ್ಟರೆ ಕೆಳಗಿನದನ್ನು ಯಾರೂ ನೋಡುವುದಿಲ್ಲ.

"ತಾತ, ನನಗೆ ಬೇಕಾಗಿರೋದೇ ಮೆಕ್ಯಾನಿಕಲ್" ಎಂದಳು.

"ಅದು ಗ್ಯಾರೇಜ್ ಕೆಲಸ ಕಣಮ್ಮ, ಮೈಯೆಲ್ಲ ಗ್ರೀಸು. ಹೆಣ್ಣುಮಕ್ಕಳಿಗೆ ಯಾಕೆ?" ಎಂದೆ.

ಹೇಳಿದ್ದು ತಪ್ಪೆಂದು ಅವಳ ಮುಖ ನೋಡಿದ ಕೂಡಲೇ ಗೊತ್ತಾಯಿತು. ಒಪ್ಪಿಕೊಳ್ಳಲು ಎರಡು ದಿನ ಹಿಡಿಯಿತು.

ಮರುದಿನ ಅವಳು ನನ್ನನ್ನು ಒಂದು ಕಾಲೇಜಿಗೆ ಕರೆದೊಯ್ದಳು. ವಿಭಾಗದ ಬಾಗಿಲಲ್ಲೇ ದೊಡ್ಡ ಫಲಕ. ಇಲ್ಲಿ ಓದಿದವರು ಏನೇನು ಕಲಿತಿರಬೇಕು ಎಂದು 12 ಅಂಶಗಳು. ಬರೀ ಯಂತ್ರದ ಮಾತಿರುತ್ತದೆ ಅಂದುಕೊಂಡಿದ್ದೆ. ಸಮಾಜದ ಹೊಣೆ, ಪರಿಸರ, ನೀತಿ, ನಾಲ್ಕು ಜನರ ಜೊತೆ ಸೇರಿ ದುಡಿಯುವುದು, ಬದುಕಿಡೀ ಕಲಿಯುವುದು ಎಲ್ಲವೂ ಇದ್ದವು. ಹಣಕಾಸಿನ ನಿರ್ವಹಣೆಯೂ ಇತ್ತು. ಬಿಕಾಂ ಓದಿದವನಿಗೆ ಅಲ್ಲಿ ಸ್ವಲ್ಪ ಹೆಮ್ಮೆಯಾಯಿತು, ಸುಳ್ಳು ಯಾಕೆ ಹೇಳಲಿ! ಪಕ್ಕದಲ್ಲಿ ಇನ್ನೊಂದು ಪಟ್ಟಿ: ಪದವಿ ಪಡೆದ ಕೆಲವು ವರ್ಷಗಳ ನಂತರ ಇವರು ಏನಾಗಿರಬೇಕು ಎಂಬ ಗುರಿಗಳು. ಅಂದರೆ ಠೇವಣಿ ಇಟ್ಟ ದಿನವಲ್ಲ, ಅವಧಿ ಮುಗಿದ ಮೇಲೆ ಲೆಕ್ಕ.

ಹೊಸ ವಿದ್ಯೆಯೇನೂ ಅಲ್ಲ. ವಿಶ್ವೇಶ್ವರಯ್ಯನವರು ದಿವಾನರಾಗಿದ್ದಾಗ, 1917ರಲ್ಲಿ, ಬೆಂಗಳೂರಿನಲ್ಲಿ ಎಂಜಿನಿಯರಿಂಗ್ ಕಾಲೇಜು ತೆರೆದಾಗಲೇ ಸಿವಿಲ್ ಜೊತೆಗೆ ಮೆಕ್ಯಾನಿಕಲ್ಲೂ ಇತ್ತು. ಕೆ.ಆರ್. ವೃತ್ತದ ಬಳಿಯ ಆ ಕಾಲೇಜಿಗೆ ಈಗ ಅವರದೇ ಹೆಸರು.

ಆದರೂ ನನಗೆ ಪೂರ್ತಿ ಅರ್ಥವಾದದ್ದು ಮನೆಗೆ ಬಂದು ಅಡುಗೆಮನೆಯಲ್ಲಿ ಕೂತಾಗ. ಒಲೆಯ ಮೇಲೆ ಕುಕ್ಕರ್ ಕೂಗಿತು. "ತಾತ, ನಿಮ್ಮ ಮೆಕ್ಯಾನಿಕಲ್ ಇಲ್ಲೇ ಇದೆ" ಎಂದಳು.

ಮಕ್ಕಳೇ, ನೀವೂ ಕೇಳಿ. ತೆರೆದ ಪಾತ್ರೆಯಲ್ಲಿ ನೀರು ಸುಮಾರು 100 ಡಿಗ್ರಿಗೆ ಕುದಿಯುತ್ತದೆ. ಎಷ್ಟು ಉರಿ ಹಾಕಿದರೂ ಅದಕ್ಕಿಂತ ಬಿಸಿಯಾಗುವುದಿಲ್ಲ. ಕುಕ್ಕರಿನಲ್ಲಿ ಹಬೆ ಹೊರಗೆ ಹೋಗಲಾರದೆ ಒತ್ತಡ ಹೊರಗಿನ ಗಾಳಿಯ ಎರಡರಷ್ಟಾಗುತ್ತದೆ. ಆಗ ನೀರು ಕುದಿಯಲು ಸುಮಾರು 120 ಡಿಗ್ರಿ ಬೇಕು. ಅದಕ್ಕೇ ಬೇಳೆ ಬೇಗ ಬೇಯುವುದು. ಹಬೆಯ ಈ ಲೆಕ್ಕ ಒಂದು ಪಾಠ. ಆ ಒತ್ತಡ ತಡೆಯಲು ಲೋಹ ಎಷ್ಟು ದಪ್ಪವಿರಬೇಕು ಎನ್ನುವುದು ಇನ್ನೊಂದು. ಎಷ್ಟು ಭಾರದ ವೆಯ್ಟ್ ಇಟ್ಟರೆ ಯಾವಾಗ ಮೇಲೆದ್ದು ಕೂಗುತ್ತದೆ, ಲಕ್ಷ ಮುಚ್ಚಳ ಮಾಡಿದರೂ ಪ್ರತಿಯೊಂದೂ ಒಂದೇ ಅಳತೆಗೆ ಕೂರುವುದು ಹೇಗೆ, ಇವೂ ಪಾಠಗಳೇ.

"ವೆಯ್ಟಿನ ತೂತಿಗೆ ಒಂದು ಅಗುಳು ಸಿಕ್ಕಿಕೊಂಡರೆ?" ಎಂದು ಕೇಳಿದೆ.

ಮುಚ್ಚಳದ ಮೇಲಿನ ಸಣ್ಣ ಸೇಫ್ಟಿ ವಾಲ್ವ್ ತೋರಿಸಿದಳು. ಬೇಗ ಕರಗುವ ಲೋಹ ಅದರಲ್ಲಿರುತ್ತದೆ. ಒಳಗೆ ಮಿತಿಮೀರಿ ಬಿಸಿಯಾದರೆ ಅದು ಕರಗಿ ಹಬೆಗೆ ದಾರಿ ಬಿಡುತ್ತದೆ, ಕುಕ್ಕರ್ ಸಿಡಿಯುವುದಿಲ್ಲ. "ಯಾವುದೋ ಅಡುಗೆಮನೆಯಲ್ಲಿ ಯಾರೋ ಮರೆಯುತ್ತಾರೆ ಅಂತ ಮೊದಲೇ ಯೋಚಿಸಿದ್ದಾರಲ್ಲ ತಾತ, ನನಗೆ ಅದನ್ನ ಕಲೀಬೇಕು" ಎಂದಳು.

ನನ್ನವಳು ಎರಡು ಸಲ ಮರೆತದ್ದುಂಟು. ಅವಳು ಏನೂ ಹೇಳದೆ ಒಲೆ ಆರಿಸಿದಳು.

ಕೊನೆಯ ದಿನ ಸಂಜೆ ಸಾಲುಗಳನ್ನೆಲ್ಲ ಬದಲಾಯಿಸಿದೆವು. ಬ್ಯಾಂಕಿನಲ್ಲಿ ತಾಳೆ ನೋಡುತ್ತಿದ್ದ ಹಾಗೆ ನಾನು ಒಂದೊಂದೇ ಓದಿದೆ, ಅವಳು ಹೂಂ ಎಂದಳು. ಸೀಟಿನ ಸುದ್ದಿ ಇನ್ನೂ ಬಂದಿಲ್ಲ. ಕುಕ್ಕರಿಗೆ ಹೊಸ ಗ್ಯಾಸ್ಕೆಟ್ ಮಾತ್ರ ಇವತ್ತೇ ತರಬೇಕಂತೆ.