ಕತ್ತಿಗೆ ದಾಳ, ಮಾತಿಗೆ?

ಚಾಮರಾಜಪೇಟೆಯ ಗೆಳೆಯನ ಮನೆಯಲ್ಲಿ ಭಾನುವಾರ ಸಂಜೆ ನಾವು ಐವರು ‘ಡಂಜನ್ಸ್ ಅಂಡ್ ಡ್ರಾಗನ್ಸ್’ ಆಡುವುದುಂಟು. ಅಮೆರಿಕದಲ್ಲಿ 1974ರಲ್ಲಿ ಪ್ರಕಟವಾದ ಈ ಪಾತ್ರದಾಟವು ಯುದ್ಧದಾಟಗಳಿಂದ ಹುಟ್ಟಿದುದು. ಆದುದರಿಂದಲೇ ಅದರಲ್ಲಿ ಕಾಳಗದ ನಿಯಮಗಳು ಹೇರಳ. ಕತ್ತಿ ಬೀಸಿದರೆ 20 ಮುಖದ ದಾಳ ತೀರ್ಪು ಕೊಡುತ್ತದೆ. ಆಡುವವನ ತೋಳ್ಬಲವನ್ನು ಯಾರೂ ಕೇಳರು. 2014ರ ಆವೃತ್ತಿಯಲ್ಲಿ ಮನವೊಲಿಕೆಗೂ ದಾಳವುಂಟು. ನಮ್ಮ ಕೂಟದಲ್ಲಾದರೋ, “ಅದೇನು ಹೇಳ್ತೀಯೋ ನೀನೇ ಹೇಳಪ್ಪ” ಎನ್ನುತ್ತಾರೆ.

ನನ್ನ ಪಾತ್ರ ಚತುರ ಮಂತ್ರಿ. ನಾನೋ ನಮ್ಮ ಮನೆತನದಲ್ಲಿ ಕಾಲೇಜಿನ ಮೆಟ್ಟಿಲು ಹತ್ತಿದ ಮೊದಲಿಗ. ನಾಲ್ವರ ಮುಂದೆ ನಾಲಿಗೆ ಏಳದು. ನನ್ನ ಸಂಕೋಚಕ್ಕೆ ಮಂತ್ರಿ ಸೋತ. ಇದು ನ್ಯಾಯವೇ?

ಮಾತಿಗೂ ದಾಳ ಹಾಕಿದರೆ ರಸ ಕೆಡುವುದೆಂದು ಮಿತ್ರರ ವಾದ. ನಮ್ಮ ತಾಳಮದ್ದಳೆಯನ್ನು ನೋಡಿ. ವೇಷವಿಲ್ಲ, ಕುಣಿತವಿಲ್ಲ, ಭಾಗವತರ ಪದಕ್ಕೆ ಕುಳಿತಲ್ಲೇ ಹೇಳುವ ಅರ್ಥವೇ ಸರ್ವಸ್ವ. ಆದರೂ ಕೃಷ್ಣಸಂಧಾನದಲ್ಲಿ ಅರ್ಥಧಾರಿ ಎಷ್ಟೇ ಸೊಗಸಾಗಿ ವಾದಿಸಲಿ, ಸಂಧಾನ ಮುರಿಯಲೇಬೇಕು. ಕೊನೆಯು ಮೊದಲೇ ತಿಳಿದಿದ್ದರಿಂದ ರಸ ಕೆಟ್ಟಿತೇ?

ಫಲವನ್ನು ದಾಳವೇ ನಿರ್ಣಯಿಸಲಿ; ಆಮೇಲೆ ಆಟಗಾರನು ಬಲ್ಲಷ್ಟು ಮಾತಾಡಲಿ. ಸೋಲಿನ ಭಯವಿಲ್ಲದೆಡೆ ಅಳುಕುವವನೂ ಮಾತು ಕಲಿತಾನು. ಮಾತು ಬಲ್ಲವರಿಗೆ ಇದರಿಂದ ನಷ್ಟವೇನೂ ಇಲ್ಲವೆಂದು ನನ್ನ ನಮ್ರ ಅಭಿಪ್ರಾಯ.