ಎರಡೂವರೆ ಗುಲಗಂಜಿ ಮದ್ದು

ಹಲಸೂರಿನ ಓದುಗಿಯೊಬ್ಬರು ಕಳಿಸಿರೋ ಪ್ರಶ್ನೆ ಈ ಅಂಕಣಕ್ಕೆ ಹೊಸದು. ಅವರ ತಮ್ಮ ಟೆಕ್ಸಾಸ್‌ನಲ್ಲಿದ್ದಾನೆ, ಎಚ್-1ಬಿ ವೀಸಾ. ವೀಕೆಂಡ್ ಬಂತೆಂದರೆ ಸಹೋದ್ಯೋಗಿಯ ಗ್ಯಾರೇಜಿನಲ್ಲಿ ಕೂತು ಪಿಸ್ತೂಲಿನ ಖಾಲಿ ತೋಟಾಗಳಿಗೆ ಮತ್ತೆ ಮದ್ದು ತುಂಬುತ್ತಾನೆ. ವಾಟ್ಸ್ಆ್ಯಪ್‌ನಲ್ಲಿ ವಿಡಿಯೊನೂ ಬಂದಿದೆ. "ತಾಮ್ರದ ಲೇಪ ಇರೋ ಗುಂಡಂತೆ, ಮದ್ದು ಸ್ವಲ್ಪ ಕಮ್ಮಿ ಹಾಕಿದ್ರೆ ಸೇಫಂತೆ. ಅಮ್ಮನಿಗೆ ಹೇಳಿಲ್ಲ. ನಿಜಕ್ಕೂ ಸೇಫಾ?"

ಅಮೆರಿಕದಲ್ಲಿ ಇದು ಹಳೇ ಹವ್ಯಾಸ. ಹೊಡೆದ ಮೇಲೆ ಉಳಿಯುವ ಹಿತ್ತಾಳೆ ಕೋಶಕ್ಕೆ ಹೊಸ ಕೇಪು, ಹೊಸ ಮದ್ದು, ಹೊಸ ಗುಂಡು ಕೂರಿಸಿದರೆ ಅಂಗಡಿ ತೋಟಾಗಿಂತ ಅಗ್ಗ. ಕೆಲಸ ಕಷ್ಟದ್ದಲ್ಲ. ಕಷ್ಟ ಇರೋದು ಅಳತೆಯಲ್ಲಿ.

9 ಎಂಎಂ ತೋಟಾಗೆ ಬೀಳುವ ಮದ್ದು ಸುಮಾರು 0.3 ಗ್ರಾಂ. ಶಿವಾಜಿನಗರದ ಕಡೆ ಚಿನ್ನದಂಗಡಿಯಲ್ಲಿ ಹಳಬರಿದ್ದರೆ ಗುಲಗಂಜಿ ಲೆಕ್ಕ ಕೇಳಿ ನೋಡಿ: ಒಂದು ಗುಲಗಂಜಿ ಸುಮಾರು 0.12 ಗ್ರಾಂ. ಅಂದರೆ ಇಡೀ ತೋಟಾಗೆ ಎರಡೂವರೆ ಗುಲಗಂಜಿ ಮದ್ದು! ಆ ದೇಶದವರು ಗ್ರೇನ್ ಅನ್ನೋ ತೂಕ ಬಳಸುತ್ತಾರೆ, ಅದು ನಮ್ಮ ಗುಲಗಂಜಿಯ ಅರ್ಧ. ಎಷ್ಟರಿಂದ ಶುರು ಮಾಡಬೇಕು, ಎಷ್ಟು ದಾಟಬಾರದು ಎಂಬುದರ ನಡುವಿನ ಅಂತರ ಅನೇಕ ಸಲ ಒಂದು ಗ್ರೇನೂ ಇರೋದಿಲ್ಲ. ಒಳಗೆ ಹುಟ್ಟುವ ಒತ್ತಡ? ಕಾರಿನ ಟೈರಿಗೆ 33-35 ಪಿಎಸ್‌ಐ ಗಾಳಿ ಹಾಕಿಸ್ತೀವಲ್ಲ, 9 ಎಂಎಂಗೆ ಅಮೆರಿಕದ ಮಾನದಂಡದ ಮಿತಿ 35,000. ಕೈಯಿಂದ ಮುಖದವರೆಗೆ ಇರೋದು ಎರಡಡಿ ದೂರ.

ಇನ್ನು ಲೇಪದ ಗುಂಡು. ಇದು ಒಳಗೆ ಮೆತ್ತನೆ ಸೀಸ, ಮೇಲೆ ವಿದ್ಯುತ್ತಿನಿಂದ ಹಿಡಿಸಿದ ತೆಳು ತಾಮ್ರ. ದಪ್ಪ ತಾಮ್ರದ ಕವಚ ತೊಡಿಸಿದ ಗುಂಡಿನ ಥರವೇ ಕಾಣುತ್ತೆ, ಆದರೆ ಅದಲ್ಲ. ಮದ್ದಿನ ಕಂಪನಿಗಳ ಪುಸ್ತಕದಲ್ಲಿ ಸೀಸದ ಗುಂಡಿಗೊಂದು, ಕವಚದ ಗುಂಡಿಗೊಂದು ಪಟ್ಟಿ ಇರುತ್ತೆ. ಲೇಪದ್ದು ಎಷ್ಟೋ ಕಡೆ ಇರೋದೇ ಇಲ್ಲ. ಆಗ ಗುಂಡು ಮಾಡಿದ ಕಂಪನಿ ಏನು ಹೇಳುತ್ತೋ ಅದೇ ಅಂತಿಮ. ಸಾಮಾನ್ಯವಾಗಿ ಅವರು ಹೇಳೋದು: ಸೀಸದ ಪಟ್ಟಿ ಹಿಡಿಯಿರಿ, ಇಲ್ಲವೇ ಕವಚದ ಪಟ್ಟಿಯ ಕೆಳಗಿನಿಂದ ನಡುವಿನವರೆಗೆ ಇರಿ, ಗರಿಷ್ಠಕ್ಕೆ ಹೋಗಬೇಡಿ. ತುಂಬಾ ವೇಗ ಹೋದರೆ ಲೇಪ ಹರಿಯುತ್ತೆ.

ಹಾಗಂತ "ಸ್ವಲ್ಪ ಕಮ್ಮಿ ಹಾಕಿದ್ರೆ ಸೇಫ್" ಅನ್ನೋದನ್ನ ನಾನು ಒಪ್ಪಲ್ಲ. ಪಟ್ಟಿಯಲ್ಲಿರೋ ಕನಿಷ್ಠಕ್ಕಿಂತ ಕೆಳಗಿಳಿದರೆ ಗುಂಡು ನಳಿಗೆಯಲ್ಲೇ ಸಿಕ್ಕಿಕೊಳ್ಳಬಹುದು. ಸದ್ದು ಸಣ್ಣದಾಗಿ 'ಟಪ್' ಅಂತ ಬರುತ್ತೆ, ಹೊಡೆದವನು ಗಮನಿಸದೆ ಇನ್ನೊಂದು ಹೊಡೆದರೆ ನಳಿಗೆ ಒಡೆಯುತ್ತೆ. ಇನ್ನೊಂದು ಅಪಾಯ, ಪಿಸ್ತೂಲಿನ ಕೆಲವು ಮದ್ದು ಕೋಶದ ಅರ್ಧ ಜಾಗವನ್ನೂ ತುಂಬೋದಿಲ್ಲ. ಫೋನ್ ಬಂದು ಗಮನ ತಪ್ಪಿ ಒಂದೇ ಕೋಶಕ್ಕೆ ಎರಡು ಸಲ ಸುರಿದರೂ ಹೊರಚೆಲ್ಲಲ್ಲ, ಗೊತ್ತಾಗಲ್ಲ. ಗುಂಡನ್ನು ಪುಸ್ತಕ ಹೇಳಿದ್ದಕ್ಕಿಂತ ಆಳಕ್ಕೆ ಒತ್ತಿದರೂ ಒತ್ತಡ ಏರುತ್ತೆ, ಮದ್ದು ಅಷ್ಟೇ ಇದ್ದರೂ.

(ಊರಲ್ಲಿ ತಾತ ಕೇಪಿನ ಕೋವಿಗೆ ಅಂದಾಜಲ್ಲೇ ತುಂಬ್ತಿದ್ರು ಅನ್ನೋರಿಗೆ: ಅದು ಕರಿಮದ್ದು. ಪಿಸ್ತೂಲಿನ ಹೊಗೆರಹಿತ ಮದ್ದಿನ ಕಸುವೇ ಬೇರೆ, ಅಂದಾಜು ಅಲ್ಲಿ ನಡೆಯಲ್ಲ.)

ಅಕ್ಕ, ನಿಮ್ಮ ತಮ್ಮನ ವಿಷಯದಲ್ಲಿ ನನಗೆ ಮದ್ದಿಗಿಂತ ದೊಡ್ಡ ಚಿಂತೆ ವೀಸಾದ್ದು. ಎಚ್-1ಬಿ ವಲಸೆಯೇತರ ವೀಸಾ. ಅಂಥವರು ಬಂದೂಕಷ್ಟೇ ಅಲ್ಲ, ತೋಟಾ ಇಟ್ಟುಕೊಳ್ಳುವುದೂ ಅಲ್ಲಿನ ಫೆಡರಲ್ ಕಾನೂನಿನಲ್ಲಿ ಅಪರಾಧ. ಬೇಟೆ ಲೈಸೆನ್ಸ್ ಇದ್ದವರಿಗೆ ಮತ್ತು ಇನ್ನು ಕೆಲವರಿಗೆ ವಿನಾಯಿತಿ ಇದೆ. ಅವನ ಹತ್ತಿರ ಅದಿದೆಯಾ ಅಂತ ಇವತ್ತೇ ಕೇಳಿ. ಇಲ್ಲ ಅಂದ್ರೆ, ವಕೀಲರನ್ನು ಕಾಣೋವರೆಗೂ ಆ ಗ್ಯಾರೇಜಿನ ಕಡೆ ಹೋಗೋದೇ ಬೇಡ. ವಿಡಿಯೊ ಫ್ಯಾಮಿಲಿ ಗ್ರೂಪಿಗಂತೂ ಬೇಡವೇ ಬೇಡ. ರಜೆಗೆ ಬರುವಾಗ ಬ್ಯಾಗಿನ ಜೇಬೆಲ್ಲ ಕೊಡವಿಕೊಂಡು ಬರಲಿ. ಮರೆತು ಉಳಿದ ಒಂದೇ ಒಂದು ತೋಟಾ ವಿಮಾನ ನಿಲ್ದಾಣದಲ್ಲಿ ಸಿಕ್ಕರೂ ಪೊಲೀಸ್ ಠಾಣೆಯೇ ಗತಿ.

ಇದನ್ನೋದಿ ಇಂದಿರಾನಗರದ ಫ್ಲಾಟಿನಲ್ಲಿ ಯಾರಾದರೂ ಶುರುಮಾಡೋ ಯೋಚನೆಯಲ್ಲಿದ್ದರೆ: 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಲೈಸೆನ್ಸ್ ಇಲ್ಲದೆ ಮದ್ದುಗುಂಡು ತಯಾರಿಸುವಂತಿಲ್ಲ. 2019ರ ತಿದ್ದುಪಡಿ ನಂತರ ಶಿಕ್ಷೆ ಕನಿಷ್ಠ 7 ವರ್ಷ ಜೈಲು.

ಗುರಿ ಹೊಡೆಯೋ ಆಸೆಗೆ ಏರ್ ಪಿಸ್ತೂಲ್ ಇದೆ. ಮದ್ದೇ ಇಲ್ಲ, ಗಾಳಿಯ ಒತ್ತಡದಲ್ಲಿ 4.5 ಎಂಎಂ ಪೆಲೆಟ್ ಹಾರುತ್ತೆ. 20 ಜೂಲ್ ಮೀರದ ಏರ್ ಗನ್‌ಗೆ 2016ರ ನಿಯಮಗಳಲ್ಲಿ ಲೈಸೆನ್ಸ್ ಬೇಕಿಲ್ಲ, ಆದರೂ ಕಲಿಯೋದು ರೇಂಜಿನಲ್ಲಿ, ಕೋಚ್ ಎದುರು. ಕೆನಡಾದಲ್ಲಿ ಸಾಫ್ಟ್‌ವೇರ್ ಕೆಲಸ ಮಾಡ್ತಿದ್ದ ನಮ್ಮ ಬೆಂಗಳೂರಿನ ಪ್ರಕಾಶ್ ನಂಜಪ್ಪ 2014ರ ಗ್ಲಾಸ್ಗೋ ಕಾಮನ್‌ವೆಲ್ತ್‌ನಲ್ಲಿ ಬೆಳ್ಳಿ ಗೆದ್ದಿದ್ದು ಇದೇ 10 ಮೀಟರ್ ಏರ್ ಪಿಸ್ತೂಲಿನಲ್ಲಿ.