ಬಿಡಿಗರಿಗಳ ಜೋಡಣೆಗೆ ಬೆಲೆಯೆಷ್ಟು?

ಮನೆಯಲ್ಲಿ ಐದಾರು ವರ್ಷ ದುಡಿದ ಗಣಕಯಂತ್ರವು ನಿಧಾನವಾಯಿತೆಂದರೆ ಗೃಹಸ್ಥನಿಗೆ ಎರಡು ಬಗೆಯ ಉಪದೇಶಗಳು ತಪ್ಪದೆ ದೊರೆಯುವುವು. "ಡಿಸ್ಕನ್ನು ಡಿಫ್ರಾಗ್ ಮಾಡಬೇಕು; ಅದಕ್ಕೆಂದೇ ಒಳ್ಳೆಯ ತಂತ್ರಾಂಶವೊಂದನ್ನು ಹಣ ಕೊಟ್ಟು ಕೊಳ್ಳಿರಿ" ಎಂದು ಒಬ್ಬರು ಹೇಳುವರು. "ಹಣವೇಕೆ? ಪುಕ್ಕಟೆಯಾಗಿ ಸಿಕ್ಕುವುದು ಬೇಕಾದಷ್ಟುಂಟು" ಎಂದು ಇನ್ನೊಬ್ಬರು ಹೇಳುವರು. ಇವರಲ್ಲಿ ಯಾರ ಮಾತನ್ನು ಹಿಡಿಯಬೇಕೆಂಬುದನ್ನು ಈ ತಿಂಗಳು ವಿಚಾರಮಾಡೋಣ. ವಾದಕ್ಕೆ ಮೊದಲು ಪದಾರ್ಥದ ನಿರ್ಣಯವಾಗತಕ್ಕದ್ದು. ಆದುದರಿಂದ ಡಿಫ್ರಾಗ್ ಎಂದರೇನೆಂಬುದನ್ನು ಮೊದಲು ತಿಳಿಯುವುದು ಯುಕ್ತ.

ಓಲೆಗರಿಯ ಹಸ್ತಪ್ರತಿಗಳನ್ನು ನೋಡಿದವರಿಗೆ ಇದನ್ನು ತಿಳಿಸುವುದು ಸುಲಭ. ಗರಿಗಳಿಗೆ ರಂಧ್ರ ಕೊರೆದು, ದಾರ ಪೋಣಿಸಿ, ಮೇಲೆ ಕೆಳಗೆ ಹಲಗೆಯಿಟ್ಟು ಕಟ್ಟುವರು, ಗರಿಗರಿಗೂ ಅಂಕಿಯುಂಟು. ದಾರ ಹರಿದು ಗರಿಗಳು ಬೇರೆ ಬೇರೆ ಕಟ್ಟುಗಳಲ್ಲಿ ಸೇರಿಹೋದರೂ ಗ್ರಂಥವೇನೂ ನಷ್ಟವಾಗದು. ಅಂಕಿಗಳನ್ನು ಹಿಡಿದು ಓದಬಹುದು. ಆದರೆ ಪ್ರತಿಯೊಂದು ಗರಿಗೂ ಎದ್ದು ಹೋಗಿ ಹುಡುಕಿ ತರಬೇಕಾಗುವುದು. ಹಾರ್ಡ್ ಡಿಸ್ಕಿನ ಸ್ಥಿತಿಯೂ ಹೀಗೆಯೇ. ವಿಂಡೋಸ್ ಗಣಕಗಳಲ್ಲಿ ಕಡತವನ್ನು ಸಾಮಾನ್ಯವಾಗಿ 4096 ಬೈಟುಗಳ ಮನೆಗಳಲ್ಲಿ ತುಂಬಿಡುವ ಏರ್ಪಾಡು ಇದೆ. ಹಳೆಯ ಕಡತಗಳನ್ನು ಅಳಿಸಿ ಹೊಸವನ್ನು ಬರೆಯುತ್ತ ಬಂದಂತೆಲ್ಲ, ತೆರವಾದ ಮನೆಗಳು ಅಲ್ಲಲ್ಲಿ ಉಳಿದು, ಒಂದೇ ಕಡತವು ನೂರು ಕಡೆ ಹಂಚಿಹೋಗುವುದು. ಹೀಗೆ ಚದುರಿದುದನ್ನು ಒಂದೆಡೆಗೆ ತಂದು ಕ್ರಮವಾಗಿ ಇಡುವುದೇ ಡಿಫ್ರಾಗ್.

ಚದುರಿದುದರಿಂದ ಆಗುವ ತಡವೆಷ್ಟು? ಹಾರ್ಡ್ ಡಿಸ್ಕಿನ ತಟ್ಟೆಯು ನಿಮಿಷಕ್ಕೆ 7200 ಸಲ ಸುತ್ತುವುದೆಂದು ಇಟ್ಟುಕೊಳ್ಳೋಣ. ಒಂದು ಸುತ್ತಿಗೆ 8.3 ಮಿಲಿಸೆಕೆಂಡು. ಗ್ರಾಮಫೋನಿನ ಮುಳ್ಳಿನಂತಿರುವ ಓದುವ ಕೈಯು ತಕ್ಕ ಪಥಕ್ಕೆ ಸರಿಯಲು ಸುಮಾರು 9 ಮಿಲಿಸೆಕೆಂಡು. ಬೇಕಾದ ಸ್ಥಳವು ಅದರ ಕೆಳಗೆ ಬರಲು ಸರಾಸರಿ ಅರ್ಧ ಸುತ್ತು, ಅಂದರೆ 4 ಮಿಲಿಸೆಕೆಂಡು. ಒಟ್ಟು 13. ಒಂದೇ ಕಡೆ ಇರುವ 100 ಮೆಗಾಬೈಟಿನ ಕಡತವನ್ನು ಅದು ಸುಮಾರು ಒಂದು ಸೆಕೆಂಡಿನಲ್ಲಿ ಓದಿ ಮುಗಿಸುವುದು. ಅದೇ ಕಡತ ಸಾವಿರ ತುಂಡಾಗಿದ್ದರೆ ಹುಡುಕಾಟಕ್ಕೇ ಇನ್ನು 13 ಸೆಕೆಂಡು ಬೇಕು. ವ್ಯಾಧಿಯು ಕಲ್ಪಿತವಲ್ಲವೆಂಬುದು ಇದರಿಂದ ಸ್ಪಷ್ಟ.

ಆದರೆ ಈ ವ್ಯಾಧಿ ಎಲ್ಲ ಗಣಕಗಳಿಗೂ ಇಲ್ಲ. ಈಚಿನ ಯಂತ್ರಗಳಲ್ಲಿ ಎಸ್.ಎಸ್.ಡಿ. ಎಂಬ ಸಂಗ್ರಹವಿರುವುದು. ಅದರಲ್ಲಿ ಸುತ್ತುವ ತಟ್ಟೆಯೂ ಇಲ್ಲ, ಸರಿಯುವ ಕೈಯೂ ಇಲ್ಲ. ತುಂಡು ಎಲ್ಲಿದ್ದರೂ ಸುಮಾರು ಹತ್ತರಲ್ಲೊಂದು ಮಿಲಿಸೆಕೆಂಡಿನಲ್ಲಿ ಅದು ಸಿಕ್ಕುವುದು. ಮೇಲಾಗಿ ಅದರ ಮೇಲೆ ಬರೆಯುವುದಕ್ಕೆ ಒಂದು ಮಿತಿಯುಂಟು. ಸುಮ್ಮನೆ ಎತ್ತಿಡುತ್ತಿದ್ದರೆ ಆಯುಸ್ಸು ಸವೆಯುವುದೇ ಹೊರತು ಲಾಭವಿಲ್ಲ. ಆದುದರಿಂದ ನಮ್ಮ ವಾಚಕರು ಮಾಡಬೇಕಾದ ಮೊದಲ ಕೆಲಸವು ತಮ್ಮ ಯಂತ್ರದಲ್ಲಿರುವುದು ಯಾವುದೆಂದು ನೋಡುವುದು. ವಿಂಡೋಸಿನ ಹುಡುಕುವ ಪಟ್ಟಿಯಲ್ಲಿ ಡಿಫ್ರಾಗ್ ಎಂದು ಇಂಗ್ಲಿಷ್ ಅಕ್ಷರಗಳಲ್ಲಿ ಬರೆದರೆ ಒಂದು ಕಿಟಕಿ ತೆರೆಯುವುದು. ಅದರಲ್ಲಿ 'ಮೀಡಿಯಾ ಟೈಪ್' ಎಂಬ ಕಂಬದ ಕೆಳಗೆ ಡಿಸ್ಕಿನ ಜಾತಿ ಕಾಣುವುದು. ಎಸ್.ಎಸ್.ಡಿ. ಎಂದಿದ್ದರೆ ಪುಕ್ಕಟೆ, ಬೆಲೆ ಎಂಬ ಚರ್ಚೆಯೇ ನಿಮಗೆ ಬೇಡ.

ಹಾರ್ಡ್ ಡಿಸ್ಕ್ ಎಂದಿದ್ದರೆ ಮುಂದಿನ ವಿಚಾರ. ಆ ಕಿಟಕಿಯೇ ಒಂದು ಡಿಫ್ರಾಗ್ ತಂತ್ರಾಂಶ. ವಿಂಡೋಸಿನೊಡನೆಯೇ ಬಂದುದು, ಬೇರೆ ಬೆಲೆಯಿಲ್ಲದುದು. ಇದರ ವಂಶವೃತ್ತಾಂತ ಸ್ವಾರಸ್ಯವಾಗಿದೆ. 1993ರ ಎಂ.ಎಸ್.-ಡಾಸ್ 6ರಲ್ಲಿಯೇ ಇಂಥದೊಂದು ಉಪಕರಣವಿತ್ತು. ಮುಂದೆ ವಿಂಡೋಸ್ 2000ಕ್ಕೆ ಮೈಕ್ರೋಸಾಫ್ಟಿನವರು ಸೇರಿಸಿದ್ದು, ಡಿಸ್ಕೀಪರ್ ಎಂಬ ಬೆಲೆಯ ತಂತ್ರಾಂಶವನ್ನು ಮಾರುತ್ತಿದ್ದ ಸಂಸ್ಥೆಯಿಂದಲೇ ಪಡೆದ ಅದರ ಚಿಕ್ಕ ರೂಪವನ್ನು. ವಿಂಡೋಸ್ ವಿಸ್ಟಾ ಬಂದ ಕಾಲದಿಂದ ಇದು ವಾರಕ್ಕೊಮ್ಮೆ ತಾನಾಗಿ ಕೆಲಸಮಾಡುವ ಏರ್ಪಾಡಾಗಿದೆ.

ಇದನ್ನು ಬಿಟ್ಟರೆ ಡಿಫ್ರಾಗ್ಲರ್, ಆಸ್ಲಾಜಿಕ್ಸ್ ಮೊದಲಾದುವು ಪುಕ್ಕಟೆಯಾಗಿ ದೊರೆಯತಕ್ಕವು. ಬರ್ಲಿನ್ ನಗರದ ಓ ಅಂಡ್ ಓ ಡಿಫ್ರಾಗ್ ಮೊದಲಾದುವು ಹಣ ಕೊಟ್ಟು ಕೊಳ್ಳತಕ್ಕವು. ಇವುಗಳ ತಾರತಮ್ಯವನ್ನು ಎಣಿಸುವಾಗ ಒಂದು ಸಂಗತಿಯನ್ನು ಮರೆಯಬಾರದು. 1996ರ ವಿಂಡೋಸ್ ಎನ್.ಟಿ. 4ರಿಂದ ಈಚೆಗೆ, ಕಡತದ ತುಂಡನ್ನು ಒಂದೆಡೆಯಿಂದ ಇನ್ನೊಂದೆಡೆಗೆ ಸಾಗಿಸುವ ಕಾರ್ಯವನ್ನು ವಿಂಡೋಸೇ ಮಾಡಿಕೊಡುವುದು. ಇಂಥ ತಂತ್ರಾಂಶಗಳು ಬಹುಮಟ್ಟಿಗೆ 'ಇದನ್ನು ಅಲ್ಲಿಡು' ಎಂದು ಅಪ್ಪಣೆ ಕೊಡುವುವು. ಯಜಮಾನರು ಬೇರೆ ಬೇರೆ, ಮೂಟೆ ಹೊರುವ ಆಳು ಒಬ್ಬನೇ. ಬೆಲೆ ಕೊಟ್ಟ ಮಾತ್ರಕ್ಕೆ ಮೂಟೆ ಹೆಚ್ಚು ಜೋಪಾನವಾಗಿ ಸಾಗುವುದೆಂದು ಎಣಿಸಬಾರದು.

ಹಾಗಾದರೆ ಹಣಕ್ಕೆ ದೊರೆಯುವುದೇನು? ಯಂತ್ರ ಬಿಡುವಾಗಿದ್ದಾಗಲೆಲ್ಲ ಹಿನ್ನೆಲೆಯಲ್ಲಿ ಕೆಲಸಮಾಡುವುದು. ಯಂತ್ರ ಏಳುವ ಹೊತ್ತಿನಲ್ಲೇ, ಆಮೇಲೆ ಮುಟ್ಟಲಾಗದ ಕಡತಗಳನ್ನು ಜೋಡಿಸುವುದು. ಕಚೇರಿಯ ನೂರು ಗಣಕಗಳನ್ನು ಒಂದೇ ಕಡೆಯಿಂದ ನಡೆಸುವುದು. ಇವು ಸುಳ್ಳು ಗುಣಗಳಲ್ಲ; ದೊಡ್ಡ ಕಚೇರಿಗೆ ಬೇಕಾದುವೇ. ಆದರೆ ಪತ್ರ ಬರೆದು, ಪಂಚಾಂಗ ನೋಡಿ, ಮೊಮ್ಮಕ್ಕಳ ಚಿತ್ರಗಳನ್ನು ಇಟ್ಟುಕೊಳ್ಳುವ ಬಸವನಗುಡಿಯ ಮನೆಗೆ ಇವುಗಳಿಂದಾಗುವ ಪ್ರಯೋಜನ ಅತ್ಯಲ್ಪ. ವಿಂಡೋಸಿನ ಸ್ವಂತ ಉಪಕರಣವು 64 ಮೆಗಾಬೈಟಿಗೆ ಮೀರಿದ ತುಂಡುಗಳನ್ನು ಹಾಗೆಯೇ ಬಿಡುವುದೆಂದು ಕೆಲವರು ಆಕ್ಷೇಪಿಸುವರು. ಅಷ್ಟು ದೊಡ್ಡ ತುಂಡನ್ನು ಹುಡುಕುವ 13 ಮಿಲಿಸೆಕೆಂಡು, ಓದುವ ಕಾಲದ ಮುಂದೆ ಲೆಕ್ಕಕ್ಕೆ ಬಾರದೆಂಬುದು ಮೇಲಿನ ಗಣಿತದಿಂದಲೇ ತಿಳಿಯುವುದು.

ಪುಕ್ಕಟೆಯೆಂದೊಡನೆ ಕೀಳೆಂದು ತಿಳಿಯುವುದೂ ಸರಿಯಲ್ಲ. ಕನ್ನಡ ಗಣಕ ಪರಿಷತ್ತಿನ 'ನುಡಿ'ಯನ್ನು ನಾವೆಲ್ಲರೂ ಬೆಲೆಯಿಲ್ಲದೆಯೇ ಪಡೆದು ಕನ್ನಡ ಬರೆದೆವಲ್ಲವೆ? ಆದರೂ ಪುಕ್ಕಟೆಯವುಗಳಲ್ಲಿ ವಿವೇಚನೆ ಬೇಕು. ಕೆಲವು ತಮ್ಮೊಡನೆ ಕರೆಯದ ನೆಂಟರನ್ನು ತರುವುವು. ಮುಂದೆ ಮುಂದೆ ಎಂದು ಒತ್ತುತ್ತ ಹೋದರೆ ಬೇಡವಾದ ಇನ್ನೆರಡು ತಂತ್ರಾಂಶಗಳು ಮನೆ ಸೇರುವುವು. ಇನ್ನು ಕೆಲವು 'ಸಾವಿರ ದೋಷಗಳಿವೆ' ಎಂದು ಕೆಂಪಕ್ಷರದಲ್ಲಿ ಹೆದರಿಸಿ, ಪರಿಹಾರಕ್ಕೆ ದಕ್ಷಿಣೆ ಕೇಳುವುವು. ಪುಕ್ಕಟೆಯೆಂಬುದು ಶಾಶ್ವತವೂ ಅಲ್ಲ. ಅಲ್ಟ್ರಾಡಿಫ್ರಾಗ್ ಎಂಬುದು 7ನೆಯ ಆವೃತ್ತಿಯವರೆಗೆ ಮುಕ್ತವಾಗಿದ್ದು 8ರಿಂದ ಖಾಸಗಿ ಸ್ವತ್ತಾಯಿತು.

ಇವೆಲ್ಲಕ್ಕಿಂತ ಮುಖ್ಯವಾದ ಮಾತೊಂದುಂಟು. ಚಾಮರಾಜಪೇಟೆಯಲ್ಲಿ ನಮಗೆ ಪರಿಚಿತವಾದ ಮನೆಯೊಂದರಲ್ಲಿ, ಹಿರಿಯಾಕೆಯು ಹಾಡುತ್ತಿದ್ದ ಹಸೆ, ಆರತಿ, ಉರುಟಣೆಯ ಹಾಡುಗಳನ್ನು ಮೊಮ್ಮಗನು ಮೂರು ಬೇಸಗೆಯ ರಜೆಗಳಲ್ಲಿ ಮುದ್ರಿಸಿ ಗಣಕದಲ್ಲಿಟ್ಟಿದ್ದನು. ಆಕೆ ತೀರಿಕೊಂಡ ಮೇಲೆ ಆ ಧ್ವನಿ ಉಳಿದುದು ಅಲ್ಲಿ ಮಾತ್ರ. ಯಂತ್ರ ನಿಧಾನವಾಯಿತು, ಒಳಗಿನಿಂದ ಟಕಟಕ ಎಂಬ ಸದ್ದೂ ಬರುತ್ತಿತ್ತು. ಮನೆಯವರು ಚದುರಿದ ಕಡತಗಳೇ ಕಾರಣವೆಂದೆಣಿಸಿ ರಾತ್ರಿಯೆಲ್ಲ ಡಿಫ್ರಾಗ್ ನಡೆಸಿದರು. ಬೆಳಗಾಗುವಷ್ಟರಲ್ಲಿ ಡಿಸ್ಕು ನಿಂತುಹೋಗಿತ್ತು. ಮಲ್ಲೇಶ್ವರದಲ್ಲಿರುವ ಮಗಳ ಫೋನಿನಲ್ಲಿ ಹನ್ನೊಂದು ಹಾಡುಗಳಿದ್ದುವು, ಉಳಿದುವು ಹೋದುವು. ತಂತ್ರಾಂಶದ ದೋಷವಲ್ಲ ಅದು. ಡಿಸ್ಕು ಮೊದಲೇ ಕೊನೆಗಾಲದಲ್ಲಿತ್ತು. ಇಡೀ ರಾತ್ರಿ ಓದಿ ಬರೆಯುವ ಶ್ರಮವನ್ನು ಅದು ತಾಳಲಿಲ್ಲ. ನಿಧಾನಕ್ಕೆ ಕಾರಣ ಚದುರುವಿಕೆಯೂ ಆಗಬಹುದು, ಸಾವೂ ಆಗಬಹುದು. ಒಂದರ ಔಷಧ ಇನ್ನೊಂದಕ್ಕೆ ವಿಷ.

ಆದುದರಿಂದ ಕ್ರಮವಿದು. ಮೊದಲು ಕಳೆದುಕೊಳ್ಳಲಾಗದ ಚಿತ್ರ, ಹಾಡು, ಬರಹಗಳನ್ನು ಬೇರೊಂದು ಡಿಸ್ಕಿಗೆ ನಕಲು ಮಾಡಿರಿ. ನಕಲು ಮಾಡುವಾಗಲೇ ಯಂತ್ರ ತಡವರಿಸಿದರೆ ಅಥವಾ ಸದ್ದು ಬಂದರೆ ಅಲ್ಲಿಗೇ ನಿಲ್ಲಿಸಿ ತಿಳಿದವರಿಗೆ ತೋರಿಸಿರಿ. ಎರಡನೆಯದಾಗಿ, ಡಿಸ್ಕಿನ ಆರೋಗ್ಯವನ್ನು ನೋಡಿರಿ. ಜಪಾನಿನಲ್ಲಿ ರಚಿತವಾದ ಕ್ರಿಸ್ಟಲ್ ಡಿಸ್ಕ್ ಇನ್ಫೋ ಎಂಬುದು ಬೆಲೆಯಿಲ್ಲದೆ ಇದನ್ನು ತಿಳಿಸುವುದು. ಆರೋಗ್ಯ ಸರಿಯಿದ್ದು, ಅದು ಹಾರ್ಡ್ ಡಿಸ್ಕೇ ಆಗಿದ್ದರೆ, ವಿಂಡೋಸಿನ ಉಪಕರಣವನ್ನೇ ನಡೆಸಿರಿ. ವಿದ್ಯುತ್ತು ಹೋಗುವ ಸಂಭವವಿರುವಾಗ ಮಾತ್ರ ಆರಂಭಿಸಬೇಡಿರಿ.

ಇಷ್ಟಾದ ಮೇಲೂ ಹಣ ವ್ಯಯಮಾಡುವ ಮನಸ್ಸಿದ್ದರೆ ಅದನ್ನು ತಂತ್ರಾಂಶಕ್ಕೆ ಕೊಡದೆ, ಎಸ್. ಪಿ. ರಸ್ತೆಗೆ ಹೋಗಿ, ನಕಲಿಗೊಂದು ಹೊರಡಿಸ್ಕನ್ನೂ ಸಾಧ್ಯವಾದರೆ ಹಳೆಯ ಯಂತ್ರಕ್ಕೊಂದು ಎಸ್.ಎಸ್.ಡಿ.ಯನ್ನೂ ಕೊಂಡು ತನ್ನಿರಿ. ಎರಡಕ್ಕೂ ಹಣ ಸಾಲದಿದ್ದರೆ ಮೊದಲು ಹೊರಡಿಸ್ಕು. ಯಂತ್ರವು ಇನ್ನೊಂದು ವರ್ಷ ನಿಧಾನವಾಗಿಯೇ ನಡೆದರೂ ಚಿಂತೆಯಿಲ್ಲ.